ಬರೋಕ್ ಪುತ್ಥಳಿಯ ಮುಖಕ್ಕಿಂತ ಮೊದಲು ಗುಂಡಿ ನೋಡಿ

ಯುರೋಪಿನ ದೊಡ್ಡ ಸಂಗ್ರಹಾಲಯಗಳಲ್ಲಿ ಬರೋಕ್ ಶೈಲಿಯ, ಅಂದರೆ ಹದಿನೇಳನೆಯ ಶತಮಾನದ, ಕೊಠಡಿಗೆ ಕಾಲಿಟ್ಟರೆ ಎದೆಮಟ್ಟದ ಅಮೃತಶಿಲೆಯ ಪುತ್ಥಳಿಗಳು ಸಾಲಾಗಿ ಎದುರಾಗುತ್ತವೆ. ನೋಡಲು ಬಂದವರು ಮುಖದ ಮೇಲೆ ಒಮ್ಮೆ ಕಣ್ಣಾಡಿಸಿ, ‘ಜೀವ ತುಂಬಿದ ಹಾಗಿದೆ’ ಎಂದು ಮುಂದಿನ ಕೊಠಡಿಗೆ ಹೋಗುತ್ತಾರೆ. ಮಾತು ಸುಳ್ಳಲ್ಲ. ಆದರೆ ನಾವು ಹಾಗೆಯೇ ಅನ್ನಬೇಕೆಂದು ಶಿಲ್ಪಿಯೂ ಅವನಿಗೆ ಹಣ ಕೊಟ್ಟವರೂ ನಾನೂರು ವರ್ಷಗಳ ಹಿಂದೆಯೇ ಬಯಸಿದ್ದರು. ಅಷ್ಟಕ್ಕೇ ನಿಂತರೆ ನಾವು ಶಿಲ್ಪವನ್ನು ಓದಿದಂತಲ್ಲ, ಅದು ಹೇಳಿಕೊಟ್ಟದ್ದನ್ನು ಒಪ್ಪಿಸಿದಂತೆ.

ಓದುವುದಕ್ಕೆ ಒಂದು ಕ್ರಮವಿದೆ. ಇಲ್ಲಿ ಅದನ್ನು ರೋಮಿನ ಕೆಲವು ಪುತ್ಥಳಿಗಳ ಮೇಲೆಯೇ ಪ್ರಯೋಗಿಸಿ ತೋರಿಸುತ್ತೇನೆ. ಹೆಚ್ಚಿನವು ಜಾನ್ ಲೊರೆಂಜೊ ಬರ್ನಿನಿಯವು (1598–1680), ಒಂದೆರಡು ಅವನ ಸಮಕಾಲೀನರವು. ಓದುವಾಗ ಈ ಪುತ್ಥಳಿಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಳ್ಳಿ. ಚಿತ್ರವನ್ನು ದೊಡ್ಡದು ಮಾಡಿ ನೋಡದೆ ಈ ಲೇಖನದಿಂದ ಹೆಚ್ಚಿನ ಉಪಯೋಗವಿಲ್ಲ.

ಬಟ್ಟೆಯಿಂದ ಆರಂಭಿಸಿ

ರೋಮಿನ ಬೋರ್ಗೆಸೆ ಗ್ಯಾಲರಿಯಲ್ಲಿರುವ ಕಾರ್ಡಿನಲ್ (ಕ್ಯಾಥೊಲಿಕ್ ಚರ್ಚಿನಲ್ಲಿ ಪೋಪ್‌ನ ನಂತರದ ಹಿರಿಯ ಧರ್ಮಗುರು) ಸಿಪಿಯೋನೆ ಬೋರ್ಗೆಸೆಯ ಪುತ್ಥಳಿಯನ್ನು ತೆಗೆದುಕೊಳ್ಳಿ. ಬರ್ನಿನಿ ಇದನ್ನು ಕೆತ್ತಿದ್ದು 1632ರಲ್ಲಿ. ಮುಖವನ್ನು ಸದ್ಯಕ್ಕೆ ಕೈಯಿಂದ ಮುಚ್ಚಿ, ಉಳಿದದ್ದನ್ನು ಮಾತ್ರ ನೋಡಿ. ತಲೆಯ ಮೇಲೆ ಮೂಲೆಗಳಿರುವ ಬಿರೆಟ್ಟಾ ಟೋಪಿ, ಹೆಗಲಿನಿಂದ ಎದೆಯ ಮೇಲೆ ಇಳಿದಿರುವ, ಮುಂದೆ ಗುಂಡಿ ಹಾಕುವ ಮೊತ್ಸೆತ್ತಾ ಎಂಬ ಗಿಡ್ಡ ಮೇಲುಹೊದಿಕೆ. ಇವೆರಡೂ ಕಾರ್ಡಿನಲ್ ಪದವಿಯ ಉಡುಪು. ಹೆಸರಿನ ಫಲಕ ಇಲ್ಲದಿದ್ದರೂ ಅಂದಿನ ರೋಮನ್ನನಿಗೆ ಈ ಮನುಷ್ಯನ ಮುಂದೆ ಎಷ್ಟು ಬಾಗಬೇಕೆಂಬುದು ಇಷ್ಟರಿಂದಲೇ ತಿಳಿಯುತ್ತಿತ್ತು. ಅಂದಹಾಗೆ, ಕಾರ್ಡಿನಲ್‌ಗಳನ್ನು ‘ಎಮಿನೆನ್ಸ್’ ಎಂದು ಸಂಬೋಧಿಸಬೇಕೆಂದು ಪೋಪ್ ಎಂಟನೆಯ ಅರ್ಬನ್ ಕಟ್ಟಳೆ ಹೊರಡಿಸಿದ್ದು ಈ ಪುತ್ಥಳಿಗೆ ಎರಡು ವರ್ಷ ಮೊದಲು, 1630ರಲ್ಲಿ. ಯಾರನ್ನು ಏನೆಂದು ಕರೆಯಬೇಕು, ಯಾರು ಯಾರಿಗಿಂತ ಮುಂದೆ ನಡೆಯಬೇಕು ಎಂಬುದರ ಮೇಲೆಯೇ ಆ ಊರಿನ ಅರ್ಧ ರಾಜಕೀಯ ನಡೆಯುತ್ತಿತ್ತು.

ಈಗ ಎದೆಯ ಮೇಲಿನ ಗುಂಡಿಗಳ ಸಾಲಿಗೆ ಬನ್ನಿ. ಅವುಗಳಲ್ಲಿ ಒಂದು ಕಾಜದೊಳಗೆ ಪೂರ್ತಿ ಹೋಗಿಲ್ಲ. ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡಿದೆ. ಕಲ್ಲಿನಲ್ಲಿ ಇಂಥದ್ದು ಆಕಸ್ಮಿಕವಾಗಿ ಆಗುವುದಿಲ್ಲ. ನೆಟ್ಟಗಿನ ಗುಂಡಿಯನ್ನು ಕೆತ್ತುವುದೇ ಸುಲಭ. ಅರೆಬರೆ ಸಿಕ್ಕಿದ ಗುಂಡಿಗೆ ಕೊಂಕಿದ ಬಟ್ಟೆಯನ್ನೂ ಎಳೆತವನ್ನೂ ಲೆಕ್ಕ ಹಾಕಿ ಉಳಿ ಇಡಬೇಕು. ಮದುವೆಯೂಟ ಮುಗಿಸಿ ಅಂಗಿಯನ್ನು ಕೊಂಚ ಸಡಿಲಿಸಿ ಕುಳಿತ ಯಜಮಾನನ ಹಾಗೆ ಕಾರ್ಡಿನಲ್ ಇಲ್ಲಿ ಮೈಮರೆತು ಹರಟುತ್ತಿದ್ದಾನೆ.

ಬಹಳ ಲೇಖಕರು ಇದನ್ನು ‘ಮಾನವೀಯ ಸ್ಪರ್ಶ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನನಗೆ ಅದು ಸಾಲದು ಅನಿಸುತ್ತದೆ. ಗುಂಡಿ ಸರಿಯಿಲ್ಲದೆ ಸಾರ್ವಜನಿಕವಾಗಿ ಕಾಣಿಸಿಕೊಳ್ಳುವ ಧೈರ್ಯ ಯಾರಿಗಿರುತ್ತದೆ? ಅವನ ಮನೆಯ ಗುಮಾಸ್ತನಿಗಂತೂ ಇರಲಿಲ್ಲ. ಶಿಸ್ತು ಕೆಳಗಿನವರ ಪಾಲು, ಸಲಿಗೆ ಮೇಲಿನವರ ಹಕ್ಕು. ಈ ಸಡಿಲವೂ ಪದವಿಯ ಗುರುತೇ. ಬಟ್ಟೆಯನ್ನು ನೋಡುವಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಈ ಉಡುಪನ್ನು ತೊಡಲು ಯಾರಿಗೆ ಅಧಿಕಾರವಿತ್ತು? ಅದನ್ನು ಸಡಿಲವಾಗಿ ತೊಡಲು ಯಾರಿಗೆ ಅಧಿಕಾರವಿತ್ತು?

ಕೆತ್ತಿದ ವರ್ಷದ ಪಕ್ಕದಲ್ಲಿ ಅಧಿಕಾರದ ವರ್ಷಗಳನ್ನು ಬರೆಯಿರಿ

ಒಂದು ಕಾಗದ ತೆಗೆದುಕೊಂಡು ಪುತ್ಥಳಿಯ ವರ್ಷವನ್ನು ಬರೆಯಿರಿ. ಅದರ ಪಕ್ಕದಲ್ಲಿ ಆ ವ್ಯಕ್ತಿಯ ವಯಸ್ಸು, ಆಗ ಅವನ ಮನೆತನದ ಸ್ಥಿತಿ. ಈ ಸಣ್ಣ ಲೆಕ್ಕ ಎಷ್ಟೋ ಪುಟಗಳ ವ್ಯಾಖ್ಯಾನಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಸಿಪಿಯೋನೆ ಹುಟ್ಟಿದ್ದು 1577ರಲ್ಲಿ, ಕಫ್ಫಾರೆಲ್ಲಿ ಮನೆತನದಲ್ಲಿ. ತಾಯಿ ಒರ್ತೆನ್ಸಿಯಾ ಬೋರ್ಗೆಸೆ. ಆಕೆಯ ಸೋದರ ಕಮಿಲ್ಲೊ 1605ರಲ್ಲಿ ಐದನೆಯ ಪೌಲ್ ಎಂಬ ಹೆಸರಿನಲ್ಲಿ ಪೋಪ್ ಆದದ್ದೇ ತಡ, ಸೋದರಳಿಯನನ್ನು ಕಾರ್ಡಿನಲ್ ಮಾಡಿ ತನ್ನ ಮನೆತನದ ಹೆಸರನ್ನೂ ಕೊಟ್ಟ. ಪೋಪ್‌ಗೆ ಮಕ್ಕಳಿರುವಂತಿಲ್ಲ, ಹೀಗಾಗಿ ಅಳಿಯನೋ ಅಣ್ಣನ ಮಗನೋ ಆಡಳಿತ ನೋಡಿಕೊಳ್ಳುವುದು, ಜೊತೆಗೆ ಮನೆತನದ ಗಂಟು ಕಟ್ಟುವುದು ಆಗಿನ ರೋಮಿನಲ್ಲಿ ಒಪ್ಪಿತ ವ್ಯವಸ್ಥೆ. ಆ ಹುದ್ದೆ ರದ್ದಾದದ್ದು 1692ರಲ್ಲಿ. ಸಿಪಿಯೋನೆಯ ವಾರ್ಷಿಕ ಆದಾಯ 1612ರ ಹೊತ್ತಿಗೆ ಸುಮಾರು 1,40,000 ಸ್ಕೂಡಿಯಷ್ಟಿತ್ತು (ಸ್ಕೂಡಿ ಅಂದಿನ ರೋಮಿನ ನಾಣ್ಯ) ಎಂಬುದು ಇತಿಹಾಸಕಾರರ ಲೆಕ್ಕ. ಕಲೆಯ ಮೇಲೆ ಅವನಿಗೆ ನಿಜವಾದ ಹಸಿವಿತ್ತು, ಅದನ್ನು ತೀರಿಸಿಕೊಳ್ಳುವ ರೀತಿ ಮಾತ್ರ ದರೋಡೆಗೆ ಹತ್ತಿರ. 1607ರಲ್ಲಿ ಕವಲಿಯೆರೆ ದ’ಆರ್ಪಿನೊ ಎಂಬ ಚಿತ್ರಕಾರನ ಬಳಿಯಿದ್ದ ನೂರಕ್ಕೂ ಹೆಚ್ಚು ಚಿತ್ರಗಳು ಜಪ್ತಿಯಾಗಿ ಸಿಪಿಯೋನೆಯ ಕೈ ಸೇರಿದವು. ಚಿತ್ರಕಾರನ ಮೇಲಿದ್ದ ಆರೋಪ ಅಕ್ರಮ ಬಂದೂಕು ಇಟ್ಟುಕೊಂಡದ್ದು. ಮರುವರ್ಷ ಪೆರೂಜಿಯಾದ ಚರ್ಚಿನಿಂದ ರಾಫೆಲ್‌ನ ಚಿತ್ರವೊಂದು ರಾತ್ರೋರಾತ್ರಿ ಅವನಿಗಾಗಿ ಸಾಗಿಸಲ್ಪಟ್ಟಿತು.

ಈಗ 1632ಕ್ಕೆ ಬನ್ನಿ. ಮಾವ ತೀರಿಕೊಂಡು ಹನ್ನೊಂದು ವರ್ಷವಾಗಿದೆ. ಪೀಠದಲ್ಲಿ ಬಾರ್ಬೆರಿನಿ ಮನೆತನದ ಎಂಟನೆಯ ಅರ್ಬನ್ ಇದ್ದಾನೆ; ಬರ್ನಿನಿ ಈಗ ಅವನ ಶಿಲ್ಪಿ, ಸೇಂಟ್ ಪೀಟರ್ಸ್‌ನ ದೊಡ್ಡ ಕಂಚಿನ ಮಂಟಪದಲ್ಲಿ ಮುಳುಗಿದ್ದಾನೆ. ಸಿಪಿಯೋನೆಗೆ ಐವತ್ತೈದು, ಮುಂದಿನ ವರ್ಷ ಸಾಯುತ್ತಾನೆ. ಅಂದರೆ ನೀವು ನೋಡುತ್ತಿರುವುದು ಅಧಿಕಾರದ ಉತ್ತುಂಗದಲ್ಲಿರುವವನನ್ನಲ್ಲ, ಮಾಜಿಯನ್ನು. ತನ್ನನ್ನು ಹುಡುಗನಾಗಿದ್ದಾಗಲೇ ಗುರುತಿಸಿ, ಅಪೊಲೊ ಮತ್ತು ದಾಫ್ನೆ, ದಾವೀದ ಮೊದಲಾದ ಶಿಲ್ಪಗಳನ್ನು ಮಾಡಿಸಿದ ಹಳೆಯ ಆಶ್ರಯದಾತನಿಗೆ ಬೇರೆ ಧಣಿಯ ಕೈಕೆಳಗಿರುವ ಶಿಲ್ಪಿ ಮಾಡಿಕೊಟ್ಟ ಕೆಲಸವಿದು. ಆ ಮುಖದಲ್ಲಿರುವ ಹಗುರ, ಹರಟೆಯ ಲವಲವಿಕೆಗೆ ಈ ಲೆಕ್ಕದ ನಂತರ ಬೇರೆಯೇ ಬಣ್ಣ ಬರುತ್ತದೆ.

ಇದೇ ಮನುಷ್ಯ ಶಿಲ್ಪವನ್ನು ನಾಣ್ಯದಂತೆ ಬಳಸಿದ್ದನ್ನೂ ಗಮನಿಸಿ. ಬರ್ನಿನಿ ಅವನಿಗಾಗಿ 1621–22ರಲ್ಲಿ ಕೆತ್ತಿದ ‘ಪ್ಲೂಟೊ ಮತ್ತು ಪ್ರೊಸೆರ್ಪಿನಾ’ವನ್ನು ಸಿಪಿಯೋನೆ, ಐದನೆಯ ಪೌಲ್‌ನ ನಂತರ ಪೀಠಕ್ಕೆ ಬಂದ ಪೋಪ್‌ನ ಬಂಧು ಲುಡೊವಿಕೊ ಲುಡೊವಿಸಿಗೆ ಕಾಣಿಕೆ ಕೊಟ್ಟುಬಿಟ್ಟ. ಸರ್ಕಾರ ಬದಲಾದಾಗ ಹಾರ ಹಿಡಿದು ಹೋಗುವುದು ಹೊಸದೇನಲ್ಲ. ಆ ಶಿಲ್ಪ ಬೋರ್ಗೆಸೆಗೆ ವಾಪಸಾದದ್ದು 1908ರಲ್ಲಿ.

ಕಲ್ಲನ್ನು ಹತ್ತಿರದಿಂದ ನೋಡಿ

ಈಗ ಮುಖದ ಮೇಲಿನ ಕೈ ತೆಗೆಯಿರಿ. ಮೊದಲು ಕಣ್ಣು. ಬಿಳಿ ಕಲ್ಲಿನಲ್ಲಿ ಕಪ್ಪು ಪಾಪೆ ತರಲು ಬಣ್ಣವಿಲ್ಲ, ಇರುವುದು ನೆರಳು ಮಾತ್ರ. ಅದಕ್ಕಾಗಿ ಬರ್ನಿನಿ ಕಣ್ಣಿನೊಳಗೆ ಬೈರಿಗೆಯಿಂದ ಆಳವಾಗಿ ಕೊರೆಯುತ್ತಿದ್ದ. ಆ ಗುಳಿಯಲ್ಲಿ ಕತ್ತಲು ನಿಂತು, ಅಂಚಿನಲ್ಲಿ ಬೆಳಕು ಮಿನುಗಿ, ಕಣ್ಣು ಎತ್ತಲೋ ನೋಡುತ್ತಿರುವಂತೆ ಕಾಣುತ್ತದೆ. 1665ರಲ್ಲಿ ಪ್ಯಾರಿಸ್‌ಗೆ ಹೋದಾಗ ಅವನ ಜೊತೆಗಿದ್ದ ಶಾಂತಲೂ ಎಂಬ ಫ್ರೆಂಚ್ ಅಧಿಕಾರಿಯ ದಿನಚರಿಯಲ್ಲಿ ಬರ್ನಿನಿಯ ಒಂದು ಮಾತು ದಾಖಲಾಗಿದೆ: ಒಬ್ಬ ಮನುಷ್ಯ ಕೂದಲು, ಗಡ್ಡ, ಹುಬ್ಬು, ತುಟಿಗೆಲ್ಲ ಬಿಳಿ ಬಳಿದುಕೊಂಡು ಬಂದರೆ ದಿನಾ ನೋಡುವವರಿಗೂ ಅವನ ಗುರುತು ಹತ್ತುವುದು ಕಷ್ಟ. ಆದ್ದರಿಂದ ಕಲ್ಲಿನಲ್ಲಿ ಹೋಲಿಕೆ ತರಲು ಕೆಲವೊಮ್ಮೆ ನಿಜದಲ್ಲಿ ಇಲ್ಲದ್ದನ್ನೂ ಮಾಡಬೇಕಾಗುತ್ತದೆ ಎಂಬುದು ಅವನ ತರ್ಕ. ಕಣ್ಣಿನ ಸುತ್ತ ಚರ್ಮ ಕಪ್ಪಾಗಿದ್ದರೆ ಅಲ್ಲಿ ಕಲ್ಲನ್ನು ತಗ್ಗು ಮಾಡಬೇಕು. ಶಿಲ್ಪದ ಹೋಲಿಕೆಯೆಂಬುದು ಲೆಕ್ಕ ಹಾಕಿ ಹೇಳಿದ ಸುಳ್ಳು ಎಂದು ಶಿಲ್ಪಿಯೇ ಒಪ್ಪಿದಂತಾಯಿತು.

ಆಮೇಲೆ ಬಾಯಿ. ಸಿಪಿಯೋನೆಯ ತುಟಿಗಳು ಬಿರಿದಿವೆ. ಮನುಷ್ಯ ಮಾತು ಆರಂಭಿಸುವ ಇಲ್ಲವೇ ಆಗಷ್ಟೇ ಮುಗಿಸಿದ ಕ್ಷಣದ ಬಾಯಿಯನ್ನು ಹಿಡಿಯಬೇಕೆಂಬುದು ಬರ್ನಿನಿಯ ಅಭಿಪ್ರಾಯ. ಅವನು ಎದುರಿನವರನ್ನು ಬೊಂಬೆಯಂತೆ ಕೂರಿಸುತ್ತಿರಲಿಲ್ಲ. ಓಡಾಡಲು, ಮಾತನಾಡಲು ಬಿಟ್ಟು ಗೀಚಿಕೊಳ್ಳುತ್ತಿದ್ದ. ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿ ಸಿಪಿಯೋನೆಯನ್ನು ಪಕ್ಕದಿಂದ ಬರೆದ ಅವನ ರೇಖಾಚಿತ್ರವಿದೆ. ಆಸ್ಥಾನದಲ್ಲಿ ಮಾತು ಒಂದು ಬಂಡವಾಳ. ಕಾರ್ಡಿನಲ್ ನಿಮ್ಮೊಡನೆ ಮಾತನಾಡುತ್ತಿರುವಂತೆ ಕೆತ್ತಿದಾಗ ನೋಡುವವನಿಗೆ ಸಿಗುವುದು ಸಾಮಾನ್ಯರಿಗೆ ಸಿಗದ ಒಂದು ಭೇಟಿ.

ಹೋಲಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಬೇರೆಲ್ಲೂ ಸಿಗದು: ಅದೇ 1632ರಲ್ಲಿ, ಅದೇ ಸಿಪಿಯೋನೆಯನ್ನು ಜೂಲಿಯಾನೊ ಫಿನೆಲ್ಲಿ ಎಂಬ ಶಿಲ್ಪಿಯೂ ಕೆತ್ತಿದ. ಅದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ, ಅವರ ಜಾಲತಾಣದಲ್ಲಿ ಒಳ್ಳೆಯ ಚಿತ್ರಗಳಿವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಫಿನೆಲ್ಲಿ ಗಡ್ಡ, ಮೀಸೆ, ಬಟ್ಟೆಯ ಮೇಲ್ಮೈಯನ್ನು ಅಕ್ಕಸಾಲಿಗನ ತಾಳ್ಮೆಯಿಂದ ಬಿಡಿಸುತ್ತಾನೆ. ಬರ್ನಿನಿ ಇಡೀ ದೇಹದ ತಿರುವನ್ನು ಹಿಡಿಯುತ್ತಾನೆ. ಯಾವುದು ‘ನಿಜವಾದ’ ಸಿಪಿಯೋನೆ ಎಂದು ತೀರ್ಮಾನಿಸುವ ಆತುರ ಬೇಡ.

ಕಥೆಗೆ ಮರುಳಾಗುವ ಮುನ್ನ

ಬೋರ್ಗೆಸೆ ಗ್ಯಾಲರಿಯಲ್ಲಿ ಬರ್ನಿನಿಯ ಸಿಪಿಯೋನೆ ಒಂದಲ್ಲ, ಎರಡಿದ್ದಾನೆ. ಮೊದಲನೆಯದು ಮುಗಿಯುವ ಹಂತದಲ್ಲಿ ಹಣೆಯ ಅಡ್ಡಕ್ಕೆ ಕಲ್ಲಿನ ಬಿರುಕು ಕಾಣಿಸಿತು, ಹಾಗಾಗಿ ಮತ್ತೊಂದನ್ನು ಕೆತ್ತಬೇಕಾಯಿತು. ಬಿರುಕು ಈಗಲೂ ಕಣ್ಣಿಗೆ ಕಾಣುತ್ತದೆ. ಎರಡನೆಯದನ್ನು ಎಷ್ಟು ದಿನದಲ್ಲಿ ಮುಗಿಸಿದ? 1682ರಲ್ಲಿ ಜೀವನಚರಿತ್ರೆ ಬರೆದ ಬಾಲ್ದಿನುಚ್ಚಿ ಹದಿನೈದು ರಾತ್ರಿ ಎನ್ನುತ್ತಾನೆ. 1713ರಲ್ಲಿ ಬರೆದ ಬರ್ನಿನಿಯ ಸ್ವಂತ ಮಗ ದೊಮೆನಿಕೊ ಅದನ್ನು ಮೂರು ದಿನಕ್ಕೆ ಇಳಿಸುತ್ತಾನೆ. ವರ್ಷ ಕಳೆದಂತೆ ಕಲ್ಲು ಮೆತ್ತಗಾಗುತ್ತ ಹೋಗಿದೆ! ಮೊದಲು ಬಿರುಕಿನ ಪುತ್ಥಳಿ ತೋರಿಸಿ, ಕಾರ್ಡಿನಲ್ ಪೆಚ್ಚಾಗಿ ಅದನ್ನು ಮುಚ್ಚಿಕೊಳ್ಳಲು ಹೆಣಗುತ್ತಿದ್ದಾಗ ಎರಡನೆಯದರ ಮುಸುಕು ತೆಗೆದ ಎಂಬ ನಾಟಕವೂ ಈ ಕಥೆಯಲ್ಲಿದೆ.

ಇಂಥ ಕಥೆ ಸಿಕ್ಕಾಗ ಮೂರು ವಿಷಯ ನೋಡಿ: ಹೇಳಿದವನು ಯಾರು, ಎಷ್ಟು ವರ್ಷದ ನಂತರ ಹೇಳಿದ, ಕಥೆಯಿಂದ ಯಾರ ಕೀರ್ತಿ ಬೆಳೆಯುತ್ತದೆ. ಕಲ್ಲಿನಲ್ಲಿ ಕಾಣುವ ಬಿರುಕನ್ನು ಉಳಿಸಿಕೊಳ್ಳಿ. ದಿನಗಳ ಲೆಕ್ಕವನ್ನು ಆ ಕಾಲದವರು ಕಲಾವಿದನಲ್ಲಿ ಏನನ್ನು ಮೆಚ್ಚುತ್ತಿದ್ದರು ಎಂಬುದಕ್ಕೆ ಸಾಕ್ಷ್ಯವಾಗಿ ಮಾತ್ರ ಇಟ್ಟುಕೊಳ್ಳಿ.

ಹೆಂಗಸರ ಪುತ್ಥಳಿ ಎದುರಾದಾಗ ನಿಧಾನವಾಗಿ

ಇಲ್ಲಿ ಸಾಮಾಜಿಕ ಸಂದರ್ಭ ತಿಳಿಯದೆ ಓದಿದರೆ ಪೂರ್ತಿ ದಾರಿ ತಪ್ಪುತ್ತದೆ. ಮೂವರನ್ನು ನೋಡೋಣ.

ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿರುವ ಮರಿಯಾ ಬಾರ್ಬೆರಿನಿ ದುಲ್ಯೋಲಿ. ಫಿನೆಲ್ಲಿ ಬರ್ನಿನಿಯ ಕಾರ್ಯಾಗಾರದಲ್ಲಿದ್ದಾಗ, 1626ರ ಸುಮಾರಿಗೆ, ಕೆತ್ತಿದ್ದು. ಕೊರಳ ಸುತ್ತ ಬೈರಿಗೆಯಿಂದ ತೂತು ತೂತಾಗಿ ಕೊರೆದ ಲೇಸು; ಇದು ಕಲ್ಲೆಂದು ನಂಬಲು ಸ್ವಲ್ಪ ಹೊತ್ತು ಬೇಕು. ಎದೆಯ ಮೇಲಿನ ಆಭರಣದಲ್ಲಿ ಜೇನುನೊಣವಿದೆ. ಜೇನುನೊಣ ಬಾರ್ಬೆರಿನಿಗಳ ಲಾಂಛನ. ಮರಿಯಾ 1621ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅವಳ ಮನೆತನದ ಹಿರಿಯ ಪೋಪ್ ಆದದ್ದು 1623ರಲ್ಲಿ. ಪುತ್ಥಳಿ ಕೆತ್ತುವ ಹೊತ್ತಿಗೆ ಆಕೆ ಬದುಕಿರಲಿಲ್ಲ, ಆದರೆ ಮನೆತನಕ್ಕೆ ಹೊಸ ಪಟ್ಟ ಬಂದಿತ್ತು. ಆ ಲೇಸು ಮತ್ತು ಜೇನುನೊಣ ಅವಳ ವ್ಯಕ್ತಿತ್ವಕ್ಕಿಂತ ಅವಳ ತವರಿನ ಬಗ್ಗೆಯೇ ಹೆಚ್ಚು ಹೇಳುತ್ತವೆ.

ಎರಡನೆಯವಳು ಒಲಿಂಪಿಯಾ ಮೈದಾಲ್ಕಿನಿ, ಅಲೆಸ್ಸಾಂದ್ರೊ ಅಲ್ಗಾರ್ದಿ 1640ರ ದಶಕದ ಕೊನೆಗೆ ಕೆತ್ತಿದ್ದು, ರೋಮಿನ ದೋರಿಯಾ ಪಂಫೀಲಿ ಗ್ಯಾಲರಿಯಲ್ಲಿದೆ. ಹತ್ತನೆಯ ಇನ್ನೊಸೆಂಟ್ ಪೋಪ್‌ನ ಅತ್ತಿಗೆ, 1639ರಿಂದ ವಿಧವೆ. ಪೋಪ್‌ನ ಬಳಿ ಕೆಲಸವಾಗಬೇಕಿದ್ದರೆ ಮೊದಲು ಈಕೆಯ ಬಾಗಿಲಿಗೆ ಹೋಗಬೇಕು ಎಂಬುದು ರೋಮಿಗೆಲ್ಲ ಗೊತ್ತಿತ್ತು. ಮೈಮೇಲೆ ಒಡವೆಯಿಲ್ಲ, ಇರುವುದು ವಿಧವೆಯ ಮುಸುಕು. ಆದರೆ ಆ ಮುಸುಕನ್ನು ಅಲ್ಗಾರ್ದಿ ಗಾಳಿ ತುಂಬಿದಂತೆ ಎರಡೂ ಬದಿಗೆ ಉಬ್ಬಿಸಿದ್ದಾನೆ. ತಲೆಯ ಹಿಂದೆ ಒಂದು ದೊಡ್ಡ ಹರವು ಏಳುತ್ತದೆ. ಶೋಕದ ಬಟ್ಟೆಯೇ ಸಿಂಹಾಸನದ ಬೆನ್ನಾಗಿದೆ ಎಂದು ನಾನು ಓದುತ್ತೇನೆ. ಹೆಂಗಸಿಗೆ ಯಾವ ಹುದ್ದೆಯೂ ಇಲ್ಲದ ಆಸ್ಥಾನದಲ್ಲಿ ಗಂಡನ ಆಸ್ತಿಯ ಮೇಲೆ ಹಿಡಿತವಿರುವ ವಿಧವೆಗೆ ಮಾತ್ರ ಒಂದಿಷ್ಟು ಸ್ವಾತಂತ್ರ್ಯ. ಆ ಸ್ವಾತಂತ್ರ್ಯದ ಸಮವಸ್ತ್ರ ಆ ಮುಸುಕು. 1655ರಲ್ಲಿ ಪೋಪ್ ಸತ್ತಾಗ, ಶವಪೆಟ್ಟಿಗೆಯ ಖರ್ಚು ಕೇಳಿದವರಿಗೆ ‘ನಾನು ಬಡ ವಿಧವೆ’ ಎಂದಳಂತೆ ಎಂಬ ಮಾತು ಊರಲ್ಲಿ ಹರಡಿತು. ನಿಜವೋ ಸುಳ್ಳೋ, ಆ ಮುಸುಕಿಗೆ ಎಷ್ಟು ಉಪಯೋಗಗಳಿದ್ದವು ಎಂಬುದು ಆ ಊರಿನವರಿಗೂ ಅರ್ಥವಾಗಿತ್ತು.

ಮೂರನೆಯವಳೇ ಕೋಸ್ತಾಂಜಾ. ಫ್ಲಾರೆನ್ಸಿನ ಬಾರ್ಜೆಲ್ಲೊ ಸಂಗ್ರಹಾಲಯದಲ್ಲಿರುವ ಈ ಪುತ್ಥಳಿಯನ್ನು ಬರ್ನಿನಿ 1636–38ರ ನಡುವೆ ಕೆತ್ತಿದ. ಲೇಸಿಲ್ಲ, ಆಭರಣವಿಲ್ಲ, ಲಾಂಛನವಿಲ್ಲ. ಎದೆಯ ಬಳಿ ತೆರೆದುಕೊಂಡ ಒಳಅಂಗಿ, ಹಿಂದಕ್ಕೆ ಸುತ್ತಿ ಕಟ್ಟಿದ, ಅಲ್ಲಲ್ಲಿ ಜಾರಿದ ಕೂದಲು, ಏನೋ ಕೇಳಿಸಿ ತಟ್ಟನೆ ತಿರುಗಿದ ಮುಖ, ಬಿರಿದ ತುಟಿ. ಮರಿಯಾಳನ್ನು ನೋಡಿ ಬಂದ ಕಣ್ಣಿಗೆ ಇದು ಆಘಾತ. ಒಳಅಂಗಿಯಲ್ಲಿ ಯಾವ ಹೆಂಗಸೂ ಹೊರಗಿನವರ ಮುಂದೆ ಬರುವ ಕಾಲವಲ್ಲ ಅದು. ಇದನ್ನು ಯಾರೂ ಹಣ ಕೊಟ್ಟು ಮಾಡಿಸಲಿಲ್ಲ. ಬರ್ನಿನಿ ತನಗಾಗಿ ಕೆತ್ತಿಕೊಂಡು ತನ್ನ ಮನೆಯಲ್ಲಿಟ್ಟುಕೊಂಡಿದ್ದ.

ಆಕೆ ಬರ್ನಿನಿಯ ಕೈಕೆಳಗೆ ದುಡಿಯುತ್ತಿದ್ದ ಶಿಲ್ಪಿ ಮತ್ತೆಯೊ ಬೊನಾರೆಲ್ಲಿಯ ಹೆಂಡತಿ. ಬರ್ನಿನಿಗೆ ಆಕೆಯೊಂದಿಗೆ ಸಂಬಂಧವಿತ್ತು. ತನ್ನ ತಮ್ಮ ಲುಯಿಜಿಯೂ ಆಕೆಯ ಬಳಿ ಹೋಗುತ್ತಿದ್ದಾನೆಂದು 1638ರಲ್ಲಿ ತಿಳಿದಾಗ ಬರ್ನಿನಿ ಕಬ್ಬಿಣದ ಸಲಾಕೆಯಿಂದ ತಮ್ಮನ ಪಕ್ಕೆಲುಬು ಮುರಿದ, ಕತ್ತಿ ಹಿಡಿದು ಸಾಂತಾ ಮರಿಯಾ ಮಜ್ಜೋರೆ ಚರ್ಚಿನವರೆಗೆ ಅಟ್ಟಿಸಿಕೊಂಡು ಹೋದ. ಆಳನ್ನು ಕಳಿಸಿ ಕೋಸ್ತಾಂಜಾಳ ಮುಖವನ್ನು ಕ್ಷೌರದ ಕತ್ತಿಯಿಂದ ಸೀಳಿಸಿದ. ಮಗನಿಗೆ ಲಗಾಮು ಹಾಕಿ ಎಂದು ತಾಯಿಯೇ ಕಾರ್ಡಿನಲ್ ಫ್ರಾಂಚೆಸ್ಕೊ ಬಾರ್ಬೆರಿನಿಗೆ ಪತ್ರ ಬರೆಯಬೇಕಾಯಿತು.

ಶಿಕ್ಷೆಯ ಪಟ್ಟಿ ನೋಡಿ. ಆಳಿಗೆ ಗಡೀಪಾರು. ತಮ್ಮ ಬೊಲೋನ್ಯಾಗೆ. ಬರ್ನಿನಿಗೆ 3,000 ಸ್ಕೂಡಿ ದಂಡ, ಅದನ್ನೂ ಪೋಪ್ ಮನ್ನಾ ಮಾಡಿದ. ಮುಖ ಸೀಳಿಸಿಕೊಂಡ ಹೆಂಗಸಿಗೆ ವ್ಯಭಿಚಾರದ ಆರೋಪದ ಮೇಲೆ ಬಂಧನಗೃಹ. ಮರುವರ್ಷ ಬರ್ನಿನಿ ಕತೆರೀನಾ ತೆಸಿಯೊಳನ್ನು ಮದುವೆಯಾಗಿ ಮರ್ಯಾದಸ್ಥನಾದ.

ಈ ಪುತ್ಥಳಿಯನ್ನು ‘ಪ್ರೇಮದ ಅಮರ ಸ್ಮಾರಕ’ ಎನ್ನುವವರು ಈ ಪಟ್ಟಿಯನ್ನು ಓದಿ ಮತ್ತೊಮ್ಮೆ ಮುಖ ನೋಡಲಿ. ಹಾಗೆಂದು ಆಕೆಯನ್ನು ಗಾಯಕ್ಕೆ ಮಾತ್ರ ಇಳಿಸುವುದೂ ಅನ್ಯಾಯ. ಇತ್ತೀಚಿನ ಸಂಶೋಧನೆ ತೋರಿಸಿಕೊಟ್ಟಂತೆ ಆಕೆ ಪಿಕ್ಕೊಲೊಮಿನಿ ಎಂಬ ಹೆಸರಾಂತ ಮನೆತನದ ಬಡ ಕವಲಿನವಳು. 1639ರಲ್ಲಿ ಬಿಡುಗಡೆಯಾಗಿ ಗಂಡನ ಮನೆಗೆ ಮರಳಿದಳು, 1654ರಲ್ಲಿ ಗಂಡ ಸತ್ತ ಮೇಲೆ ಕಲಾಕೃತಿಗಳ ವ್ಯಾಪಾರವನ್ನು ತಾನೇ ನಡೆಸಿದಳು, 1662ರಲ್ಲಿ ತೀರಿಕೊಂಡಳು. ಇವತ್ತು ಲೂವ್ರ್‌ನಲ್ಲಿರುವ, ಚಿತ್ರಕಾರ ಪೂಸ್ಸಿನ್‌ನ ‘ಅಷ್ದೋದಿನ ಪ್ಲೇಗ್’ ಚಿತ್ರ ಒಂದು ಕಾಲಕ್ಕೆ ಅವರ ಮನೆಯಲ್ಲಿತ್ತು. ಪುತ್ಥಳಿಯಲ್ಲಿ ಇದಾವುದೂ ಕಾಣುವುದಿಲ್ಲ. ಎದುರಿಗಿದ್ದವನಿಗೆ ಆಕೆಯಲ್ಲಿ ಬೇಕಾದದ್ದು ಏನೋ ಅದನ್ನು ಮಾತ್ರ ಅವನು ಕೆತ್ತಿದ.

ಕೆಳ ಅಂಚು, ಪೀಠ, ತಲುಪಬೇಕಾದ ವಿಳಾಸ

ಪುತ್ಥಳಿಯ ಕಷ್ಟದ ಜಾಗ ಕೆಳಭಾಗ. ಕೈಗಳಿಲ್ಲದ ಮುಂಡ ಎಲ್ಲಿ ಮುಗಿಯಬೇಕು? ವರ್ಸೇಲ್ಸ್‌ನಲ್ಲಿರುವ ಹದಿನಾಲ್ಕನೆಯ ಲೂಯಿಯ ಪುತ್ಥಳಿಯಲ್ಲಿ (1665) ಬರ್ನಿನಿ ಕತ್ತರಿಸಿದ ಅಂಚನ್ನು ಬಿರುಗಾಳಿಗೆ ಹಾರುವ ವಸ್ತ್ರದಲ್ಲಿ ಅಡಗಿಸಿದ್ದಾನೆ. ಒಳಗೆ ಗಾಳಿಯಿಲ್ಲ, ರಾಜ ಬಂದಾಗ ಗಾಳಿಯೇ ಏಳುತ್ತದೆ ಎಂಬುದು ತಾತ್ಪರ್ಯ. ಇದನ್ನು ಭೂಗೋಳದ ಮೇಲೆ ಕೂರಿಸಿ, ರಾಜನಿಗೆ ಇದೂ ‘ಚಿಕ್ಕ ಪೀಠ’ವೆಂದು ಬರೆಸುವ ಯೋಜನೆ ಅವನದು. ಅದು ಕೈಗೂಡಲಿಲ್ಲ. ಕಾಣದ ಪೀಠವನ್ನೂ ಮನಸ್ಸಿನಲ್ಲಿ ಸೇರಿಸಿಕೊಂಡು ನೋಡಬೇಕು.

ಯಾರಿಗೆ ತಲುಪಬೇಕಿತ್ತು ಎಂಬುದೂ ಮುಖ್ಯ. ಇಂಗ್ಲೆಂಡಿನ ಮೊದಲನೆಯ ಚಾರ್ಲ್ಸ್‌ನ ಪುತ್ಥಳಿಯನ್ನು ಬರ್ನಿನಿ ಅವನನ್ನು ಕಾಣದೆಯೇ, ಚಿತ್ರಕಾರ ವಾನ್ ಡೈಕ್ ಮೂರು ಕೋನದಿಂದ ಬರೆದ ಚಿತ್ರ ನೋಡಿ ಕೆತ್ತಿದ. ಪ್ರೊಟೆಸ್ಟೆಂಟ್ ರಾಜ್ಯದ ಕ್ಯಾಥೊಲಿಕ್ ರಾಣಿಯನ್ನು ಒಲಿಸಿಕೊಳ್ಳಲು ಪೋಪ್ ಕಳಿಸಿದ ಕಾಣಿಕೆ ಅದು. 1698ರ ವೈಟ್‌ಹಾಲ್ ಬೆಂಕಿಯಲ್ಲಿ ಹಾಳಾಯಿತು. ಅದನ್ನು ಕಂಡು ತನಗೂ ಒಂದು ಬೇಕೆಂದ ಥಾಮಸ್ ಬೇಕರ್ ಎಂಬ ಸಿರಿವಂತನ ಕೆಲಸವನ್ನು ಪೋಪ್ ತಡೆದ: ರಾಜನಿಗೆ ಕೊಟ್ಟ ಉಡುಗೊರೆ ಕಂಡಕಂಡವರ ಮನೆಯಲ್ಲಿದ್ದರೆ ಬೆಲೆಯೇನು? ಬೇಕರ್‌ನ ಪುತ್ಥಳಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಅದರ ಬಟ್ಟೆಯ ಭಾಗ ಸಹಾಯಕನೊಬ್ಬನ ಕೈಕೆಲಸ ಎನ್ನುತ್ತಾರೆ.

ಬರೆಯುವಾಗ, ನೋಡಲು ಹೊರಟಾಗ

ಟಿಪ್ಪಣಿ ಮಾಡುವಾಗ ಮೂರು ಬಗೆಯ ವಾಕ್ಯಗಳನ್ನು ಬೆರೆಸಬೇಡಿ: ಕಲ್ಲಿನಲ್ಲಿ ಕಾಣುವುದು, ದಾಖಲೆಯಲ್ಲಿರುವುದು, ನಿಮ್ಮ ಊಹೆ. ‘ಒಳಅಂಗಿ ತೆರೆದಿದೆ’ ಮೊದಲನೆಯದು. ‘1638ರಲ್ಲಿ ಮುಖಕ್ಕೆ ಗಾಯ ಮಾಡಿಸಿದ’ ಎರಡನೆಯದು. ‘ಮುಸುಕೇ ಸಿಂಹಾಸನ’ ಎಂದು ನಾನು ಮೇಲೆ ಬರೆದದ್ದು ಮೂರನೆಯದು. ಒಪ್ಪದಿದ್ದರೆ ಪುತ್ಥಳಿಯನ್ನೇ ನೋಡಿ ಜಗಳವಾಡಬಹುದು. ಫಲಕದಲ್ಲಿ ಶಿಲ್ಪಿಯ ಹೆಸರಿನ ಜೊತೆ ‘ಕಾರ್ಯಾಗಾರ’ ಎಂದಿದ್ದರೆ ಹಲವು ಕೈಗಳಿವೆ ಎಂದರ್ಥ. ಅಪೊಲೊ ಮತ್ತು ದಾಫ್ನೆಯ ಬೆರಳ ತುದಿಯಲ್ಲಿ ಚಿಗುರುವ ತೆಳ್ಳನೆಯ ಎಲೆಗಳು ಫಿನೆಲ್ಲಿಯ ಕೈಚಳಕವೆಂದು ಪಂಡಿತರು ಒಪ್ಪುತ್ತಾರೆ. ಕೀರ್ತಿ ಮಾತ್ರ ಧಣಿಗೆ ಹೋಯಿತು. 1629ರ ಸುಮಾರಿಗೆ ಅವನು ಆ ಕಾರ್ಯಾಗಾರ ಬಿಟ್ಟ.

ರೋಮಿಗೆ ಹೋಗುವವರು ಬೋರ್ಗೆಸೆ ಗ್ಯಾಲರಿಯ ಟಿಕೆಟನ್ನು ಮುಂಚಿತವಾಗಿ ಕಾಯ್ದಿರಿಸಬೇಕು. ಒಳಗೆ ಇರಲು ಕೊಡುವುದು ಎರಡು ಗಂಟೆ ಮಾತ್ರ. ಕೆಳಗಿನ ದೊಡ್ಡ ಶಿಲ್ಪಗಳ ಸುತ್ತಲೇ ಜನ ಅದನ್ನು ಕಳೆದುಬಿಡುತ್ತಾರೆ. ಸಿಪಿಯೋನೆಯ ಎರಡೂ ಪುತ್ಥಳಿಗಳಿಗೆ ಸೇರಿ ಅರ್ಧ ಗಂಟೆಯನ್ನಾದರೂ ಮೀಸಲಿಡಿ. ಮೊದಲು ಪಕ್ಕಕ್ಕೆ ನಿಂತು ಹೊಟ್ಟೆ ಮತ್ತು ಹೆಗಲಿನ ತಿರುವು ನೋಡಿ, ಆಮೇಲೆ ಎದುರಿಗೆ ಬನ್ನಿ, ಕೊನೆಗೆ ಮೊಬೈಲಿನಲ್ಲಿ ಫಿನೆಲ್ಲಿಯ ಪುತ್ಥಳಿಯನ್ನು ತೆರೆದು ಗಡ್ಡದಿಂದ ಗಡ್ಡಕ್ಕೆ ಹೋಲಿಸಿ.